ಮೇಘಳ ಕೆಮ್ಮು, ಅಟ್ಟದ ಹುಲ್ಲು

ಮೇಘ ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ರೇಸ್ ಬಿಟ್ಟ ಥರೋಬ್ರೆಡ್ ಹೆಣ್ಣು ಕುದುರೆ, ವಯಸ್ಸು 13. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟದ ದಾರಿಗಳಲ್ಲಿ ಬೆಳಿಗ್ಗೆ ಅವಳ ಮೇಲೆ ಒಂದು ಸುತ್ತು ಹೋಗಿ ಬಂದರೇನೇ ನನಗೆ ದಿನ ಶುರುವಾಗುವುದು.

ಹೋದ ವರ್ಷ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಮೊದಮೊದಲು ಏರು ಹತ್ತುವಾಗ ಒಂದೆರಡು ಸಲ, ವಾರ ಕಳೆಯುವಷ್ಟರಲ್ಲಿ ಹುಲ್ಲು ತಿನ್ನುವಾಗಲೂ. ಥಂಡಿ ಅಂದುಕೊಂಡೆವು. ಲಾಯದ ಎರಡೂ ಕಿಟಕಿಗೆ ಟಾರ್ಪಾಲು ಕಟ್ಟಿದೆವು, ಬೆನ್ನಿಗೆ ಕಂಬಳಿ ಹೊದಿಸಿದೆವು, ಕಾಲಡಿಗೆ ಬೈಹುಲ್ಲನ್ನು ಇನ್ನಷ್ಟು ದಪ್ಪಗೆ ಹಾಸಿದೆವು. ಐದು ದಿನ ಆಂಟಿಬಯೋಟಿಕ್ ಕೊಟ್ಟಿದ್ದೂ ಆಯಿತು. ಜ್ವರ ಇರಲಿಲ್ಲ, 37.9 ಡಿಗ್ರಿ ಅಷ್ಟೇ, ಕುದುರೆಗೆ ಅದು ಸಹಜ. ಕೆಮ್ಮು ಮಾತ್ರ ಜಾಸ್ತಿಯಾಗುತ್ತಲೇ ಹೋಯಿತು.

ಒಂದು ರಾತ್ರಿ ಟಾರ್ಚ್ ಹಿಡಿದು ಅವಳ ಪಕ್ಕದಲ್ಲೇ ಕೂತೆ. ಸುಮ್ಮನೆ ನಿಂತಿದ್ದರೂ ಮೂಗಿನ ಹೊಳ್ಳೆ ಅರಳಿಯೇ ಇತ್ತು. ಉಸಿರು ಬಿಟ್ಟು ಮುಗಿಯಿತು ಅನ್ನುವಾಗ ಹೊಟ್ಟೆ ಇನ್ನೊಮ್ಮೆ ಒತ್ತಿ ತಳ್ಳುತ್ತಿತ್ತು. ಪಕ್ಕೆಯ ಉದ್ದಕ್ಕೂ ಒಂದು ಗೀರು ಎದ್ದಿತ್ತು. ನಿಮಿಷಕ್ಕೆ 26 ಉಸಿರು ಎಣಿಸಿದೆ. ಆರೋಗ್ಯವಾಗಿರುವ ಕುದುರೆಗೆ 8ರಿಂದ 16. ನಮ್ಮ ಹಾಗೆ ಬಾಯಿ ತೆರೆದು ಉಸಿರೆಳೆಯಲು ಕುದುರೆಗೆ ಬರುವುದಿಲ್ಲ, ಇರುವುದು ಮೂಗೊಂದೇ ದಾರಿ. ಅಲ್ಲೇ ಕೂತು ಅತ್ತುಬಿಟ್ಟೆ.

ಮಾರನೇ ದಿನ ಮೈಸೂರಿನಿಂದ ಬಂದ ಡಾಕ್ಟರು ಲಾಯಕ್ಕೆ ಕಾಲಿಟ್ಟವರೇ ಮೊದಲು ತಲೆ ಎತ್ತಿ ನೋಡಿದರು. ಮೇಲೆ ಅಟ್ಟ, ಅಟ್ಟದ ತುಂಬ ಬೈಹುಲ್ಲು. ಒಂದು ಹಿಡಿ ಎಳೆದು ಕೊಡವಿದರು. ಬೂದಿಯಂಥ ಧೂಳು ಬೆಳಕಿನಲ್ಲಿ ಬಹಳ ಹೊತ್ತು ತೇಲಾಡಿತು. “ಇದು ಥಂಡಿ ಅಲ್ಲಮ್ಮ, ಅಲರ್ಜಿ. ಮೊದಲು ಆ ಟಾರ್ಪಾಲು ಬಿಚ್ಚಿಸಿ” ಅಂದರು.

ಬೂಷ್ಟು ಹಿಡಿದ ಹುಲ್ಲಿನ ಕಣ ಒಳಗೆ ಹೋದರೆ ಶ್ವಾಸನಾಳ ಊದಿಕೊಂಡು, ಬಿಗಿದು, ಕಫ ಕಟ್ಟುತ್ತದೆ. ಕುದುರೆಯ ಆಸ್ತಮಾ ಅನ್ನುತ್ತಾರೆ. ನಮ್ಮ ಮಳೆಗಾಲದಲ್ಲಿ ಯಾವ ಹುಲ್ಲು ತಾನೇ ಬೂಷ್ಟು ಹಿಡಿಯದೆ ಉಳಿಯುತ್ತದೆ? ಅದನ್ನೇ ತಲೆಯ ಮೇಲೆ ತುಂಬಿ, ಕಾಲಡಿ ಹಾಸಿ, ಗಾಳಿ ಹೋಗದಂತೆ ನಾವೇ ಮುಚ್ಚಿದ್ದೆವು.

ಅವತ್ತೇ ಅಟ್ಟ ಖಾಲಿ ಮಾಡಿಸಿದೆ. ಹಾಸಿಗೆಗೆ ರಬ್ಬರ್ ಮ್ಯಾಟ್ ಬಂತು. ಒಣಹುಲ್ಲು ಕುಶಾಲನಗರದ ಕಡೆಯಿಂದ, ಅಲ್ಲಿ ಮಳೆ ಕಡಿಮೆ. ಅದನ್ನೂ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟೇ ಕೊಡುವುದು. ನೆಲದ ಮೇಲೆ ಹಾಕಬೇಕು. ತಲೆ ಬಗ್ಗಿಸಿ ತಿಂದರೆ ಕಫ ಇಳಿಯುತ್ತದೆ. ನೆನೆಸಿದ್ದು ಬೇಗ ಹುಳಿಯುತ್ತದೆ, ಮಿಕ್ಕಿದ್ದು ಗೊಬ್ಬರದ ಗುಂಡಿಗೆ. ನೇಪಿಯರ್ ಹಸಿಹುಲ್ಲು ಒಂದನ್ನೇ ಹಾಕಿದರಾಯಿತು ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದಂಶವನ್ನು ಹಿಡಿದುಕೊಂಡು ಕುದುರೆಯ ಮೂಳೆಗೆ ಸಿಗದ ಹಾಗೆ ಮಾಡುತ್ತದೆ. ಲಾಯ ಗುಡಿಸುವಾಗ ಮೇಘ ಹೊರಗಿರಬೇಕು, ಸಣ್ಣ ಮಳೆಯಿದ್ದರೂ ಸರಿ.

ಸ್ಟೀರಾಯ್ಡ್ ಕೂಡ ಕೊಡಬೇಕಾಯಿತು, ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸುತ್ತ. ಅದರಿಂದ ಗೊರಸಿನೊಳಗೆ ಉರಿಯೂತ ಬರುವ ಭಯವಿರುತ್ತದೆ. ದಿನಾ ಗೊರಸು ಮುಟ್ಟಿ ಬಿಸಿ ನೋಡುತ್ತಿದ್ದೆ. ಆದರೆ ಔಷಧಿ ಎಷ್ಟು ಕೊಟ್ಟರೂ, ಆ ಹುಲ್ಲು ಅಲ್ಲೇ ಇದ್ದಿದ್ದರೆ ಕೆಮ್ಮು ಮತ್ತೆ ಬರುತ್ತಿತ್ತು.

ಈ ಮಳೆಗಾಲಕ್ಕೆ ಕಿಟಕಿಗಳ ಮೇಲೆ ಮೂರು ಅಡಿ ಹೊರಚಾಚುವಂತೆ ಶೀಟು ಹಾಕಿಸಿದ್ದೇನೆ. ಆದರೂ ಜೋರು ಗಾಳಿಗೆ ಇರಚಲು ಒಳಗೆ ಹೊಡೆಯುತ್ತದೆ. “ಪಾಪ, ನೆನೆಯುತ್ತಿದೆ, ಮುಚ್ಚಬಾರದಾ?” ಎಂದು ಅತ್ತೆ ಕೇಳುತ್ತಾರೆ. ಅವರ ಕೈ ಹಿಡಿದು ಮೇಘಳ ಪಕ್ಕೆಯ ಮೇಲೆ ಇಟ್ಟೆ. ಇಬ್ಬರೂ ಸೇರಿ ಒಂದು ನಿಮಿಷ ಎಣಿಸಿದೆವು. ಹನ್ನೆರಡು.