ಹೂವಿನ ಚಿತ್ರ ನೋಡ್ತಾ ಅಕ್ಷರ ಎಣಿಸೋದು

ಹೂವಿನ ಪೇಂಟಿಂಗ್ ಒಂದನ್ನ ಎದುರಿಗಿಟ್ಕೊಂಡು ಪುಟ್ಟ ಪದ್ಯ ಬರೆಯೋದು ನಂಗೆ ಈಗೀಗ ತುಂಬಾನೇ ಇಷ್ಟ ಆಗ್ಬಿಟ್ಟಿದೆ, ಅದ್ರಲ್ಲೂ ಅಕ್ಷರ ಲೆಕ್ಕ ಇರೋ ಜಪಾನಿನ ಹಾಯ್ಕು, ಟಂಕಾ, ಇಲ್ಲಾ ಸಿಂಕ್ವೈನ್ ಥರದವು. ಜಾಗ ಕಮ್ಮಿ ಇದ್ದಾಗ ಹೊಗಳಿಕೆ ಪದಗಳೆಲ್ಲ ತಾವಾಗೇ ಉದುರಿ ಹೋಗ್ತವೆ. "ಮನಮೋಹಕ" ಅಂತ ಬರೆದ್ರೆ ಅಲ್ಲಿಗೆ ಐದಕ್ಷರ, ಹಾಯ್ಕುವಿನ ಮೊದಲ ಸಾಲೇ ಮುಗೀತು, ಚಿತ್ರದಲ್ಲಿ ಏನಿದೆ ಅಂತ ಇನ್ನೂ ಬಾಯೇ ಬಿಟ್ಟಿಲ್ಲ. ಹಂಗಾಗಿ ಮತ್ತೆ ಚಿತ್ರವನ್ನೇ ನೋಡ್ಬೇಕು.

ವ್ಯಾನ್ ಗೋ 1890ರಲ್ಲಿ, ತಮ್ಮ ಥಿಯೋಗೆ ಗಂಡು ಮಗು ಹುಟ್ಟಿದ ಖುಷಿಗೆ, ಬಾದಾಮಿ ಹೂವಿನ ಚಿತ್ರ ಬರೆದ. ಸುಮ್ನೆ ನೋಡಿದ್ರೆ ನೀಲಿ ಆಕಾಶ, ಬಿಳಿ ಹೂವು ಅಷ್ಟೇ. ಆದ್ರೆ ಹಾಯ್ಕುವಿನ ಐದು-ಏಳು-ಐದು ಅಕ್ಷರದ ಮೂರು ಸಾಲಲ್ಲಿ ಏನು ಹಿಡೀಲಿ ಅಂತ ಹುಡುಕ್ತಾ ಕೂತ್ರೆ ಗೊತ್ತಾಗುತ್ತೆ, ಅಲ್ಲಿ ಮರದ ಬುಡ ಇಲ್ಲ, ನೆಲ ಇಲ್ಲ, ಕೊಂಬೆಗಳು ಮಾತ್ರ ಆಕಾಶದ ಮೇಲೆ ಹರಡಿವೆ. ನಾನು ಬರೆದಿದ್ದು ಹಿಂಗೆ:

ಬುಡ ಕಾಣದು
ನೀಲಿಯೊಳಗೇ ಹುಟ್ಟಿ
ಅರಳೋ ಕೊಂಬೆ

"ಹುಟ್ಟಿ" ಅನ್ನೋದು ಆ ಮಗುವಿಂದ ಬಂತು. ಮಗು ಅಂತ ಪದ್ಯದಲ್ಲಿ ಹೇಳೋ ಅಗತ್ಯ ಇಲ್ಲ ಅನ್ಸುತ್ತೆ, ಬಾದಾಮಿ ಅಂತಾನೂ ಹೇಳ್ಬೇಕಿಲ್ಲ, ಅದು ಚಿತ್ರದಲ್ಲೇ ಇದೆಯಲ್ಲ.

ಎಣಿಕೆ ಬಗ್ಗೆ ಒಂದು ಮಾತು. ಜಪಾನಿನವರ ಲೆಕ್ಕದಲ್ಲಿ ದೀರ್ಘಕ್ಕೆ ಎರಡು, ಅಂದ್ರೆ ಅದು ನಮ್ಮ ಅಕ್ಷರಕ್ಕಿಂತ ಮಾತ್ರೆಗೇ ಹತ್ತಿರ. ನಾನು ಮಾತ್ರ ಅಕ್ಷರವನ್ನೇ ಎಣಿಸೋದು, ಒತ್ತಕ್ಷರ ಇದ್ರೂ ಒಂದೇ. ಆದ್ರೆ ಬರೆದ್ಮೇಲೆ ಜೋರಾಗಿ ಓದ್ಲೇಬೇಕು, ಒಂದೇ ಸಾಲಲ್ಲಿ ಮೂರ್ನಾಲ್ಕು ದೀರ್ಘ ಬಂದ್ರೆ ಓಟ ನಿಧಾನ ಆಗುತ್ತೆ, ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ ಬರೆದ ನೈದಿಲೆ ಕೊಳಕ್ಕೆ ಆ ನಿಧಾನ ಒಗ್ಗುತ್ತೆ, ಬಾದಾಮಿ ಕೊಂಬೆಗೆ ಒಗ್ಗಲ್ಲ.

ಸಿಂಕ್ವೈನ್ ಅಂದ್ರೆ ಎರಡು, ನಾಲ್ಕು, ಆರು, ಎಂಟು, ಆಮೇಲೆ ದಿಢೀರಂತ ಮತ್ತೆ ಎರಡು. ಅಮೆರಿಕದ ಅಡಿಲೇಡ್ ಕ್ರ್ಯಾಪ್ಸಿ ಕಟ್ಟಿದ ರೂಪ ಇದು. ಆ ಕೊನೇ ಎರಡಕ್ಷರದಲ್ಲೇ ಪದ್ಯ ನಿಲ್ಬೇಕು, ಅದೇ ಕಷ್ಟ, ಅದೇ ಮಜಾ. ವ್ಯಾನ್ ಗೋನ 1888ರ ಸೂರ್ಯಕಾಂತಿ ಚಿತ್ರದಲ್ಲಿ ಎಲ್ಲರ ಕಣ್ಣು ಹೋಗೋದು ಅರಳಿದ ಹೂಗಳ ಮೇಲೆ, ಆದ್ರೆ ಅದ್ರಲ್ಲಿ ಎಸಳು ಕಳ್ಕೊಂಡು ಬೀಜಕ್ಕೆ ತಿರುಗಿದ ಹೂಗಳೂ ಇವೆ, ಅವಕ್ಕೂ ಆತ ಅಷ್ಟೇ ಪ್ರೀತಿಯಿಂದ ದಪ್ಪಗೆ ಬಣ್ಣ ಮೆತ್ತಿದ್ದಾನೆ:

ನೋಡು
ಕತ್ತು ಬಾಗಿ
ಎಸಳೆಲ್ಲ ಹೋಗಿ
ಬೀಜ ತುಂಬಿದ ಮುಖಕ್ಕೂ
ಹೊನ್ನು

ಈಗ ತಲೆಯಲ್ಲಿ ಕೊರೀತಿರೋದು ರೇಚಲ್ ರಾಯ್ಶ್ ಥರದ ಹಳೇ ಡಚ್ ಕಲಾವಿದರ ಹೂದಾನಿಗಳು. ಬೇರೆ ಬೇರೆ ಕಾಲದಲ್ಲಿ ಅರಳೋ ಹೂಗಳನ್ನ ಬಿಡಿಬಿಡಿಯಾಗಿ ಅಭ್ಯಾಸ ಮಾಡಿ ಆಮೇಲೆ ಒಂದೇ ದಾನಿಯಲ್ಲಿ ಜೋಡಿಸಿ ಬರೀತಿದ್ರು ಅವ್ರು, ತೋಟದಲ್ಲಿ ಎಂದೂ ಒಟ್ಟಿಗೆ ಸಿಗದಂಥ ಗೊಂಚಲು. ಸಾಂಪ್ರದಾಯಿಕ ಹಾಯ್ಕು ಒಂದೇ ಋತುವಿನ ಸುಳಿವು ಕೇಳುತ್ತೆ, ಇಲ್ಲಿ ನೋಡಿದ್ರೆ ಟುಲಿಪ್ ಒಂದು ಕಾಲದ್ದು, ಪಕ್ಕದ ಹೂವು ಇನ್ನೊಂದು ಕಾಲದ್ದು. ಟಂಕಾ ಆದ್ರೆ ಕೊನೆಗೆ ಏಳಕ್ಷರದ ಎರಡು ಸಾಲು ಜಾಸ್ತಿ ಸಿಗುತ್ತೆ, ಮೇಲಿನ ಮೂರು ಸಾಲು ಟುಲಿಪ್‌ಗೆ, ಕೆಳಗಿನ ಎರಡು ಬೇಸಿಗೆ ಹೂವಿಗೆ ಅಂತ ಹಂಚಿ ನೋಡ್ತಿದೀನಿ, ಮೇಲಿನ ಮೂರು ಆಗ್ಲೇ ಕೂತಿವೆ.