ಹಳೆ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ಲಿನಕ್ಸ್‌ನಲ್ಲಿ ಭಾಮಿನಿ ಷಟ್ಪದಿ

ನನ್ನ ಲ್ಯಾಪ್‌ಟಾಪ್‌ಗೆ ಏನೂ ಆಗಿರಲಿಲ್ಲ. ಕೀಬೋರ್ಡಿನ ಒಂದೆರಡು ಅಕ್ಷರ ಅಳಿಸಿದ್ದವು, ಬ್ಯಾಟರಿ ಮೊದಲಿನ ಹಾಗೆ ಬರುತ್ತಿರಲಿಲ್ಲ, ಅಷ್ಟೇ. 2017ರಲ್ಲಿ ಕೊಂಡದ್ದು. ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಪ್ರಶ್ನೆಪತ್ರಿಕೆ, ಪಾಠಯೋಜನೆ, ವಾರ್ಷಿಕೋತ್ಸವದ ವರದಿ ಇಷ್ಟಕ್ಕೆ ಧಾರಾಳವಾಗಿ ಸಾಕು. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತವೆ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಇರಬೇಕು. ನನ್ನದು ಎರಡು ಮೆಟ್ಟಿಲು ಕೆಳಗೆ ನಿಂತಿತ್ತು.

ಸಾಗರದ ಪೇಟೆಯಲ್ಲಿ ಕೇಳಿದೆ. ಎಲ್ಲರದ್ದೂ ಒಂದೇ ಮಾತು: "ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಂಡುಬಿಡಿ ಮೇಡಂ." ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಮುಂದುವರಿಸಿಕೊಳ್ಳುವ ದಾರಿಯೂ ಇತ್ತು. ಆದರೆ ವರ್ಷ ಕಳೆದ ಮೇಲೆ ಇದೇ ಪ್ರಶ್ನೆ ಮತ್ತೆ ಬಾಗಿಲಿಗೆ ಬರುತ್ತದೆ ಅಲ್ವಾ? ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಒಪ್ಪಲಿಲ್ಲ. ಇದು ದುಡ್ಡಿನ ಪ್ರಶ್ನೆಯೂ ಹೌದು, ಅದಕ್ಕಿಂತ ಜಾಸ್ತಿ ನ್ಯಾಯದ ಪ್ರಶ್ನೆ.

ಆಗ ನೆನಪಾದದ್ದು ಲಿನಕ್ಸ್, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್. ಹೆಸರು ಹೊಸದಲ್ಲ. ನಾನು ಓದುತ್ತಿದ್ದಾಗ ಅಣ್ಣ ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ ಸಿಡಿ ತರಿಸಿದ್ದ. ಕೇಳಿದವರ ಮನೆಗೆ ಬಿಡಿಗಾಸೂ ತೆಗೆದುಕೊಳ್ಳದೆ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದ ಕಾಲ ಅದು. 2011ರಲ್ಲಿ ಅದು ನಿಂತಿತು. ಯಾರೋ, ಎಲ್ಲಿಯದೋ ದೇಶದಿಂದ, ಸುಮ್ನೆ ಕೊಡುತ್ತಾರೆ ಅನ್ನೋದೇ ಮನೆಯಲ್ಲಿ ಯಾರಿಗೂ ನಂಬಿಕೆ ಬಂದಿರಲಿಲ್ಲ. ಕೊಡುವುದರ ಹಿಂದಿನ ಕತೆ ಆಮೇಲೆ ಓದಿ ತಿಳಿದೆ. ಬಳಸುವವರಿಗೆ ತಂತ್ರಾಂಶವನ್ನು ಬಿಚ್ಚಿ ನೋಡುವ, ತಿದ್ದುವ, ಹಂಚುವ ಹಕ್ಕಿರಬೇಕು ಎಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆದ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದಕ್ಕೆ ಜೊತೆಯಾಯಿತು. ಇವತ್ತು ನಮ್ಮೆಲ್ಲರ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಅದೇ ಕರ್ನಲ್.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ಅವನು ಉಬುಂಟುವಿನಂಥದ್ದೇ ಇನ್ನೊಂದು ರೂಪವಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು ಅಂದ. ಕಡಿಮೆ ರ‍್ಯಾಮ್ ಇರುವ ಯಂತ್ರಕ್ಕೆ ಅದು ಹಗುರ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಸುಮಾರು 3 ಜಿಬಿಯ ಫೈಲ್ ಇಳಿಸಿ ಪೆನ್‌ಡ್ರೈವ್‌ಗೆ ಬರೆದಿಟ್ಟೆ. ನನ್ನ ಕಡತಗಳನ್ನೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡೆ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಕೂತೆ.

"ಮೇಡಂ, ಇನ್‌ಸ್ಟಾಲ್ ಮಾಡೋದು ಆಮೇಲೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕನ್ನಡ ಸರಿಯಾಗಿ ಕಾಣುತ್ತಾ, ಇಷ್ಟು ನೋಡಿ ಹೇಳಿ."

"ಡಿಸ್ಕಲ್ಲಿ ಇರೋದಕ್ಕೆ ಏನೂ ಆಗಲ್ಲ ತಾನೇ?"

"ಒಂದಕ್ಷರಾನೂ ಮುಟ್ಟಲ್ಲ ಮೇಡಂ."

ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಪೂರ್ತಿ ಆಪರೇಟಿಂಗ್ ಸಿಸ್ಟಮ್ ಪೆನ್‌ಡ್ರೈವ್‌ನಿಂದಲೇ ಎದ್ದು ರ‍್ಯಾಮ್‌ನಲ್ಲಿ ಓಡುತ್ತದೆ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದರೆ ಮೊದಲು ಹೇಗಿತ್ತೋ ಹಾಗೇ. ಯಾವ ಅಂಗಡಿಯವರೂ ಮನೆಗೆ ತಂದು ಹೀಗೆ ಪರೀಕ್ಷೆ ಮಾಡಲು ಬಿಡುವುದಿಲ್ಲ. ವೈಫೈ ಸಿಕ್ಕಿತು. ಸೌಂಡ್ ಬಂತು. ಬ್ರೌಸರ್ ತೆರೆದು ಕನ್ನಡ ಪತ್ರಿಕೆಯೊಂದನ್ನು ಓದಿದೆ. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಸರಿ, ಮುಂದುವರಿಯೋಣ ಅಂದೆ.

ವಿಂಡೋಸ್ ತೆಗೆಯುವ ಯೋಚನೆ ನನಗಿರಲಿಲ್ಲ. ಎರಡೂ ಒಂದೇ ಮನೆಯಲ್ಲಿರಲಿ, ಬೇಕಾದದ್ದನ್ನು ಆನ್ ಮಾಡುವಾಗ ಆರಿಸಿಕೊಳ್ಳೋಣ ಎಂದಿತ್ತು. ಅದಕ್ಕೆ ವಿಂಡೋಸ್ ಒಳಗಿನಿಂದಲೇ ಡಿಸ್ಕಿನಲ್ಲಿ 200 ಜಿಬಿ ಜಾಗ ಬಿಡಿಸಿಕೊಂಡೆ. 'ಫಾಸ್ಟ್ ಸ್ಟಾರ್ಟಪ್' ಅನ್ನೋದನ್ನು ಆಫ್ ಮಾಡಿದೆ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದೇ ಇಲ್ಲ, ಅರ್ಧ ನಿದ್ದೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಆಗ ಲಿನಕ್ಸ್ ಆ ಭಾಗಕ್ಕೆ ಬರೆಯಲು ಹೋದರೆ ಕಡತ ಹಾಳಾಗಬಹುದು.

ಇನ್‌ಸ್ಟಾಲ್ ಮಾಡುವಾಗ ಒಂದು ಪರದೆ ಬರುತ್ತದೆ. ಅದರಲ್ಲಿ ಒಂದರ ಕೆಳಗೆ ಒಂದು ಆಯ್ಕೆ. ವಿಂಡೋಸ್ ಪಕ್ಕದಲ್ಲಿ ಮಿಂಟ್ ಹಾಕು ಎಂಬುದು ಒಂದು. ಡಿಸ್ಕನ್ನು ಪೂರ್ತಿ ಅಳಿಸಿ ಮಿಂಟ್ ಹಾಕು ಎಂಬುದು ಇನ್ನೊಂದು. ಎರಡರ ನಡುವೆ ಒಂದು ಬೆರಳಿನಷ್ಟು ಜಾಗವೂ ಇಲ್ಲ. ಬ್ಯಾಕಪ್ ಇದ್ದರೂ ನನ್ನ ಎದೆ ಹೊಡೆದುಕೊಂಡಿತು. ಮೊದಲನೆಯದರ ಮೇಲೆ ಗುರುತು ಬಿದ್ದಿದೆಯೇ ಎಂದು ಇವರನ್ನೂ ಕರೆದು ಓದಿಸಿ, ಆಮೇಲೆ ಒತ್ತಿದೆ. ಊಟ ಆಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ, ಯಾವ ಸಿಸ್ಟಮ್ ಬೇಕೆಂದು ಕೇಳುವ ಗ್ರಬ್‌ನ ಪಟ್ಟಿ. ಮೇಲೆ ಮಿಂಟ್, ಕೆಳಗೆ ವಿಂಡೋಸ್. ಬಾಣದ ಕೀ ಒತ್ತಿ ಆರಿಸಿಕೊಳ್ಳಬೇಕು, ಅಷ್ಟೇ.

ಇಲ್ಲಿಯವರೆಗಿನದು ಯಾವ ಊರಿನಲ್ಲಿ ಯಾರು ಮಾಡಿದರೂ ಒಂದೇ. ನನಗೆ ನಿಜವಾದ ಪರೀಕ್ಷೆ ಶುರುವಾದದ್ದು ಮಧ್ಯಾಹ್ನದ ಮೇಲೆ.

ನನ್ನ ಬೆರಳಿಗೆ ಗೊತ್ತಿರುವುದು ನುಡಿ ಎಂಬ ಕನ್ನಡ ತಂತ್ರಾಂಶದ ಕೆಜಿಪಿ ಕೀಲಿಮಣೆ ವಿನ್ಯಾಸ ಒಂದೇ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ 'ಕನ್ನಡ' ಬರಬೇಕು. ಎಫ್ ಅಂದರೆ ಒತ್ತಕ್ಷರ ಮೂಡಿಸುವ ಹಲಂತ, ಡಬ್ಲ್ಯು ಅಂದರೆ ಡಕಾರ. ಇಷ್ಟು ವರ್ಷ ನೋಡದೆ ಒತ್ತಿದ ಕೀಗಳಿವು. ಬೇರೆ ವಿನ್ಯಾಸ ಕಲಿಯುವ ತಾಳ್ಮೆ ನನಗಿಲ್ಲ, ಕಲಿಯಬೇಕಾಗಿಯೂ ಇಲ್ಲ ಎಂಬುದು ನನ್ನ ಹಟ. ಹುಡುಗ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿದ. ಆದೇಶ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆದು ಅದನ್ನು ಹಾಗೇ ಅಂಟಿಸಿ ಎಂಟರ್ ಒತ್ತಿದೆ. ಐಬಸ್ ಅನ್ನೋ ಇನ್‌ಪುಟ್ ವ್ಯವಸ್ಥೆ, ಅದಕ್ಕೆ ಎಂ17ಎನ್ ಅನ್ನೋ ಭಾಷೆಗಳ ಭಂಡಾರ ಬಂದು ಕೂತವು. ಲಾಗೌಟ್ ಆಗಿ ಒಳಗೆ ಬಂದು ಪಟ್ಟಿಯಲ್ಲಿ ಕನ್ನಡ ಹುಡುಕಿದರೆ ಇನ್‌ಸ್ಕ್ರಿಪ್ಟ್ ಇದೆ, ಐಟ್ರಾನ್ಸ್ ಇದೆ, ಟೈಪ್‌ರೈಟರ್ ಇದೆ, ಕೆಜಿಪಿಯೂ ಇದೆ. ಆರಿಸಿಕೊಂಡು ಒತ್ತಿದೆ. ಕೆ, ಎನ್, ಎಫ್, ಎನ್, ಡಬ್ಲ್ಯು. ಕನ್ನಡ.

ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತೆಗೂ ಹೇಳಿ ಬಂದೆ. ನಮ್ಮ ಕೀಲಿಮಣೆಯನ್ನು ಯಾರೋ ಕನ್ನಡದವರು ಕೂತು, ಸಂಬಳವಿಲ್ಲದೆ, ಈ ವ್ಯವಸ್ಥೆಯೊಳಗೆ ಸೇರಿಸಿಟ್ಟಿದ್ದಾರೆ. ಉಬುಂಟು ಮತ್ತು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ ತಂತ್ರಾಂಶ ಭಂಡಾರಗಳಲ್ಲಿ ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟ್‌ಗಳೂ ಇವೆ. ಹುಡುಕುವಾಗ ಆ ಹೆಸರು ಕಣ್ಣಿಗೆ ಬಿದ್ದರೆ ಎಷ್ಟು ಖುಷಿಯಾಗುತ್ತದೆ ಗೊತ್ತಾ! ಮೆನುಗಳ ಕನ್ನಡ ಅನುವಾದ ಅರ್ಧಂಬರ್ಧ ಇದೆ, ನಿಜ. ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್. ಮಾಡುವ ಕೈಗಳು ಕಡಿಮೆ. ಭಾಷೆ ಪಾಠ ಮಾಡುವ ನಮ್ಮಂಥವರು ಅದಕ್ಕೆ ಕೈ ಹಾಕಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮುಂದೆ ಹಳೆಯ ಕಡತಗಳು. ಒಂದು ಪ್ರಶ್ನೆಪತ್ರಿಕೆ ತೆರೆದೆ. ಮಿಂಟ್‌ನಲ್ಲಿರುವ ಬರವಣಿಗೆಯ ತಂತ್ರಾಂಶ ಲಿಬ್ರೆಆಫೀಸ್ ಅದನ್ನು ತೆರೆಯಿತು, ಆದರೆ ಪುಟದ ತುಂಬ ಮೇಲೆ ಕೆಳಗೆ ಚುಕ್ಕಿ ಗೀಟು ಇರುವ ಯುರೋಪಿನ ಅಕ್ಷರಗಳು. ಇದು ಲಿನಕ್ಸ್‌ನ ದೋಷವಲ್ಲ. ಈಗಿನ ನುಡಿಯಲ್ಲಿ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ ಇದೆ. ನನ್ನ ಕಡತಗಳು ಹಳೆಯ ಎನ್‌ಕೋಡಿಂಗ್‌ನವು, ಅಂದರೆ ಅಕ್ಷರಗಳನ್ನು ಬೇರೆ ಬಗೆಯಲ್ಲಿ ಬರೆದಿಟ್ಟವು. ಆ ಪದ್ಧತಿಯಲ್ಲಿ ಕಂಪ್ಯೂಟರ್ ಒಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ತಲೆಕಟ್ಟು, ಕೊಂಬು, ದೀರ್ಘ, ಒತ್ತು, ಅರ್ಕಾವತ್ತು ಹೀಗೆ ಚೂರು ಚೂರು ಆಕಾರಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇರುವವರೆಗೆ ಅದು ಕನ್ನಡದ ಹಾಗೆ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಏನೂ ಅಲ್ಲ. ಇಷ್ಟು ವರ್ಷದ ನನ್ನ ಬರವಣಿಗೆ ಒಂದು ಫಾಂಟ್ ಫೈಲಿಗೆ ಜೋತುಬಿದ್ದಿತ್ತು.

ವಿಂಡೋಸ್ ಭಾಗದಿಂದ ಆ ಫಾಂಟನ್ನು ನಕಲು ಮಾಡಿ ಮಿಂಟ್‌ಗೆ ಹಾಕಿದೆ, ಪುಟ ಓದಲು ಬಂತು. ಆದರೆ ಅಷ್ಟಕ್ಕೆ ಬಿಡುವುದು ಬೇಡ ಅನಿಸಿತು. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಪಠ್ಯ ಅಂಟಿಸಿದರೆ ಬದಲಿಸಿ ಕೊಡುತ್ತವೆ. ಬಹುಪಾಲು ಸರಿಯಾಗಿ ಬಂತು, ಅಲ್ಲಲ್ಲಿ ಕೈಯಿಂದ ತಿದ್ದಬೇಕಾಯಿತು.

ತಿದ್ದುವಾಗ ಸಿಕ್ಕಿದ್ದೇ ಭಾಮಿನಿ ಷಟ್ಪದಿ. ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಎಂಬ ಪ್ರಶ್ನೆ, ಅದರ ಮಾದರಿ ಉತ್ತರ. ಅಕ್ಷರಗಳ ಮೇಲಿನ ಸಾಲಿನಲ್ಲಿ ಗುರುವಿಗೆ ಅಡ್ಡಗೆರೆ, ಲಘುವಿಗೆ ಅರ್ಧವೃತ್ತ. ಹಿಂದೆ ಸ್ಪೇಸ್‌ಬಾರ್ ಒತ್ತಿ ಒತ್ತಿ ಪ್ರತಿ ಗುರುತನ್ನೂ ಅದರದರ ಅಕ್ಷರದ ನೆತ್ತಿಗೆ ಸರಿಯಾಗಿ ಕೂರಿಸಿದ್ದೆ. ಹೊಸ ಫಾಂಟಿನಲ್ಲಿ ಅಕ್ಷರದ ಅಗಲ ಬೇರೆ, ಗುರುತೆಲ್ಲ ಪಕ್ಕಕ್ಕೆ ಸರಿದಿದ್ದವು. ಗುರುವಿನ ಗೆರೆ ಲಘುವಿನ ಮೇಲೆ! ಹೀಗೇ ಮಕ್ಕಳ ಕೈಗೆ ಹೋದರೆ ಗತಿಯೇನು?

ಸ್ಪೇಸ್‌ಬಾರ್ ಬಿಟ್ಟು ಟೇಬಲ್ ಹಾಕಿದೆ. ಒಂದು ಖಾನೆಗೆ ಒಂದು ಅಕ್ಷರ, ಮೇಲಿನ ಖಾನೆಯಲ್ಲಿ ಅದರ ಗುರುತು. ಅರ್ಧವೃತ್ತ ಲಿಬ್ರೆಆಫೀಸ್‌ನ ವಿಶೇಷ ಚಿಹ್ನೆಗಳ ಪಟ್ಟಿಯಲ್ಲೇ ಸಿಕ್ಕಿತು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ ಅದೇ ಜೋಡಿ ಮೂರು ಸಲ, ಕೊನೆಗೊಂದು ಗುರು. ಗಣ ಮುಗಿದ ಕಡೆ ಖಾನೆಯ ಗೆರೆ ದಪ್ಪ ಮಾಡಿದೆ, ಉಳಿದ ಗೆರೆ ಅಳಿಸಿದೆ. ಇನ್ನು ಯಾವ ಫಾಂಟಿಗೆ ಬದಲಿಸಿದರೂ ಗುರುತು ಅಲುಗುವುದಿಲ್ಲ.

ಆಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಹಳೆಯ ಎನ್‌ಕೋಡಿಂಗ್‌ನಲ್ಲಿ 'ಧರ್ಮ' ಅಂದರೆ ಧ, ಮ, ಆಮೇಲೆ ಅರ್ಕಾವತ್ತಿನ ಆಕಾರ. ಕಣ್ಣಿಗೆ ಕಂಡ ಕ್ರಮ. ಯೂನಿಕೋಡ್‌ನಲ್ಲಿ ಧ, ರ, ಹಲಂತ, ಮ. ಬಾಯಲ್ಲಿ ಹೇಳುವ ಕ್ರಮ. ಛಂದಸ್ಸಿಗೆ ಬೇಕಾದದ್ದೂ ಇದೇ. ರೇಫ ಮಕಾರಕ್ಕಿಂತ ಮುಂಚೆ ಬರುತ್ತದೆ, ಅದರ ಭಾರ ಧಕಾರದ ಮೇಲೆ ಬೀಳುತ್ತದೆ, ಅದಕ್ಕೇ ಧ ಗುರು. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬಿಡಿಸಿ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರೂ ಅಕ್ಷರಗಳನ್ನು ಹಾಗೇ ಇಟ್ಟುಕೊಳ್ಳುತ್ತದೆ ಅಂತ ಗೊತ್ತಾದಾಗ, ಇದನ್ನು ರೂಪಿಸಿದವರು ನನ್ನ ಜೊತೆ ಕೂತು ವ್ಯಾಕರಣ ಓದಿದವರೇನೋ ಅನಿಸಿತು. ಹುಡುಕಾಟವೂ ಈಗ ನಡೆಯುತ್ತದೆ. 'ಕರ್ನಾಟಕ' ಎಂದು ಕೊಟ್ಟರೆ ಆ ಪದ ಇರುವ ಕಡತಗಳೆಲ್ಲ ಎದುರಿಗೆ ಬರುತ್ತವೆ.

ಸಂಜೆ ವಿಂಡೋಸ್‌ಗೆ ಹೋಗಿ ನೋಡಿದರೆ ಗಡಿಯಾರ ಮಧ್ಯಾಹ್ನ ಎರಡೂವರೆ ತೋರಿಸುತ್ತಿತ್ತು. ಗೋಡೆಯ ಮೇಲೆ ಎಂಟು ಗಂಟೆ. ಹುಡುಗ ಫೋನಿನಲ್ಲಿ ನಕ್ಕ. "ಐದೂವರೆ ಗಂಟೆ ಹಿಂದಿದೆಯಾ ಮೇಡಂ? ಎಲ್ಲರಿಗೂ ಆಗುತ್ತೆ." ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ. ವಿಂಡೋಸ್ ಅದನ್ನೇ ಊರಿನ ಸಮಯ ಎಂದು ಓದುತ್ತದೆ. ಜಾಗತಿಕ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದೆ ಇರುವುದರಿಂದ ಅಷ್ಟೇ ವ್ಯತ್ಯಾಸ. ಮಿಂಟ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟಿದ್ದಕ್ಕೆ ಸರಿಹೋಯಿತು.

ಪ್ರಿಂಟರ್ ಮಾತ್ರ ಇನ್ನೂ ಬಗೆಹರಿದಿಲ್ಲ. ನಮ್ಮ ಹಳೆಯ ಲೇಸರ್ ಪ್ರಿಂಟರಿನ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಮಿಂಟ್‌ನಲ್ಲಿ ಕೂರಲಿಲ್ಲ. ಹೊಸ ಪ್ರಿಂಟರ್‌ಗಳಲ್ಲಿ ಡ್ರೈವರ್ ಇಲ್ಲದೆಯೇ ಕೆಲಸ ಮಾಡುವಂಥವು ಬೇಕಾದಷ್ಟಿವೆ, ಇದು ಆ ಕಾಲದ್ದಲ್ಲ. ಬರವಣಿಗೆ, ಇಮೇಲ್, ಇಂಟರ್‌ನೆಟ್ ಎಲ್ಲ ಮಿಂಟ್‌ನಲ್ಲಿ. ಪ್ರಿಂಟ್ ಬೇಕಾದಾಗ ಪಿಡಿಎಫ್ ಮಾಡಿ, ನೆಟ್ ಆಫ್ ಮಾಡಿದ ವಿಂಡೋಸ್‌ನಿಂದ ತೆಗೆಯುತ್ತೇನೆ. ಅವಸರವಿದ್ದರೆ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುತ್ತೇನೆ.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಲಿನಕ್ಸ್ ಇದೆ. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಇಟ್ಟುಕೊಂಡು ಶಾಲೆಗಳಿಗೆಂದೇ ತನ್ನ ಆವೃತ್ತಿ ಮಾಡಿಕೊಟ್ಟಿದೆ. ನಮ್ಮಲ್ಲೂ ಹಾಗೆ ಒಂದು ಬಂದರೆ, ಅದರಲ್ಲಿ ಕೆಜಿಪಿ, ಕನ್ನಡ ಫಾಂಟ್‌ಗಳು, ಪ್ರಸ್ತಾರ ಹಾಕುವ ಒಂದು ಟೇಬಲ್ ಮಾದರಿ ಮೊದಲೇ ಇದ್ದರೆ ಎಷ್ಟು ಮೇಷ್ಟ್ರುಗಳಿಗೆ ಅನುಕೂಲ! ಸದ್ಯ ನಮ್ಮ ಶಾಲೆಯ ಲ್ಯಾಬಿನಲ್ಲಿ ಮೂಲೆಗೆ ಸೇರಿದ್ದ ಒಂದು ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ನಿಂದ ಓಡಿಸಿ ತೋರಿಸಲು ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ನಮ್ಮ ಗಣಿತದ ಮೇಷ್ಟ್ರ ಲ್ಯಾಪ್‌ಟಾಪೂ ನನ್ನದರ ವಯಸ್ಸಿನದ್ದೇ. ಬರುವ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಕಡತಗಳ ಬ್ಯಾಕಪ್ ತೆಗೆದಿಟ್ಟುಕೊಂಡಿರಿ, ಪ್ರಿಂಟರ್ ಯಾವ ಮಾಡೆಲ್ ಅಂತ ಬರೆದಿಡಿ ಎಂದು ಈಗಲೇ ಹೇಳಿದ್ದೇನೆ.