ಎಂಟನೆಯ ಪುಟದ ಕತ್ತಲು

ಎಂಟನೆಯ ಪುಟ ಕೊನೆಗೂ ಮುಗಿದಿದೆ. ವಯಸ್ಕರು ತಮ್ಮ ಮೊದಲ ಮಿಲನದ ಅನುಭವವನ್ನು ತಾವೇ ಬಾಯಿಬಿಟ್ಟು ಹೇಳಿ, ಅದನ್ನು ನಾನು ಕಾಮಿಕ್ಸ್ ರೂಪಕ್ಕೆ ತರುತ್ತಿರುವ ಈ ಸಂಕಲನದಲ್ಲಿ ಉಳಿದ ಪುಟಗಳೆಲ್ಲ ಒಂದು ಹದಕ್ಕೆ ಬಂದಿದ್ದರೂ, ಈ ಒಂದು ಪುಟ ಮಾತ್ರ ಮಳೆಗಾಲ ಕಳೆದು ಚಳಿಗಾಲ ಮುಗಿಯುವವರೆಗೂ ನನ್ನನ್ನು ಮೇಜಿನಿಂದ ಏಳಗೊಟ್ಟಿರಲಿಲ್ಲ. ಥಂಬ್‌ನೇಲ್ ಎಂಬ ಪುಟ್ಟ ಕರಡು, ಪೆನ್ಸಿಲ್ ಕೆಲಸ, ಪ್ಯಾನೆಲ್ ಎಂಬ ಚಿತ್ರಚೌಕಗಳ ಹಂಚಿಕೆ ಇವುಗಳ ವಿವರಕ್ಕೆ ಹೋಗುವುದಿಲ್ಲ. ಈ ಕೆಲಸದಲ್ಲಿರುವವರಿಗೆ ಅವೆಲ್ಲ ರೂಢಿಯೇ. ಕತ್ತಲನ್ನು ಬರೆಯುವುದರ ಬಗ್ಗೆ ಮಾತ್ರ ಹೇಳುತ್ತೇನೆ.

ಈ ಕಥೆ ಐವತ್ತು ದಾಟಿದ ಒಬ್ಬ ಹೆಣ್ಣುಮಗಳದು. ಕಲಬುರಗಿ ಜಿಲ್ಲೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದಾಗ ಅವರಿಗೆ ಇಪ್ಪತ್ತೆರಡು ವರ್ಷ. ಮದುವೆಗೆ ಬಂದ ಬೀಗರು ಇನ್ನೂ ಪಡಸಾಲೆಯ ತುಂಬ ಮಲಗಿದ್ದ ಮಾಘದ ಚಳಿಯ ರಾತ್ರಿ ಕರೆಂಟು ಹೋಯಿತು. ಗಂಡ ಕಂದೀಲು ಹಚ್ಚಲು ಕಡ್ಡಿಪೆಟ್ಟಿಗೆ ತಡಕಾಡುತ್ತಿದ್ದಾಗ ಇವರು, "ಹಚ್ಚಬ್ಯಾಡ್ರಿ, ಹಂಗೇ ಇರ್ಲಿ" ಎಂದರಂತೆ. ಮದುವೆಯಾದ ಮೇಲೆ ಅವರ ಜೊತೆ ಇವರು ಆಡಿದ ಮೊದಲ ಪೂರ್ಣ ಮಾತು ಅದು. "ಅಂಜಿಕಿ ಬರ್ಲಾಕತ್ತದೇನು?" ಎಂದು ಅವರು ಕೇಳಿದ್ದು, "ನಿಮಗ?" ಎಂದು ಇವರು ತಿರುಗಿ ಕೇಳಿದ್ದು, "ನನಗೂ ಬರ್ಲಾಕತ್ತದ" ಎಂದು ಅವರು ಒಪ್ಪಿಕೊಂಡದ್ದು, ಪಡಸಾಲೆಯವರಿಗೆ ಕೇಳಿಸೀತೆಂದು ಇಬ್ಬರೂ ಬಾಯಿಗೆ ಕೌದಿ ಒತ್ತಿಕೊಂಡು ನಕ್ಕದ್ದು, ಆಮೇಲಿನದು ಎಲ್ಲವೂ ಆ ಕತ್ತಲಲ್ಲೇ ನಡೆಯಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ಹಳೆಯದಾದ ಈ ಸಂಗತಿಯನ್ನು ಅವರು ನನಗೆ ಹೇಳುವಾಗ ಅದರಲ್ಲಿ ಕಣ್ಣಿಗೆ ಕಂಡದ್ದು ಒಂದೂ ಇರಲಿಲ್ಲ. ಕೇಳಿಸಿದ್ದು ಇತ್ತು, ಕೈಗೆ ತಾಗಿದ್ದು ಇತ್ತು, ಮೂಗಿಗೆ ಬಂದದ್ದು ಇತ್ತು.

ಸಂಕಲನಕ್ಕೆ ನಾನು ಇಟ್ಟುಕೊಂಡ ಕಟ್ಟುಪಾಡುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಘಳಿಗೆಯಲ್ಲಿ ಇಬ್ಬರೂ ಹದಿನೆಂಟು ದಾಟಿದವರಾಗಿರಬೇಕು, ಇಬ್ಬರಿಗೂ ಮನಸ್ಸಿದ್ದಿರಬೇಕು, ಇಂದು ಕಥೆಯನ್ನು ಚಿತ್ರವಾಗಿಸುವುದಕ್ಕೂ ಇಬ್ಬರ ಒಪ್ಪಿಗೆ ಇರಬೇಕು. ಬಲವಂತವನ್ನು ಹೇಳಿಕೊಂಡವರೂ ಇದ್ದಾರೆ. ಅವರ ಮಾತನ್ನು ಕೇಳಿಸಿಕೊಂಡಿದ್ದೇನೆ, ಆದರೆ ಅದನ್ನು ಮೊದಲ ಮಿಲನವೆಂದು ಕರೆದು ಈ ಪುಸ್ತಕದೊಳಗೆ ಸೇರಿಸುವುದು ನನ್ನಿಂದಾಗದು. ಎಂಟನೆಯ ಪುಟದ ಕಥೆಗೆ ಗಂಡನ ಒಪ್ಪಿಗೆಯೂ ಸಿಕ್ಕಿತು. ಅವರು ಇಟ್ಟದ್ದು ಒಂದೇ ಬೇಡಿಕೆ: "ಎಲ್ಲಾ ಬರಿ, ಆದ್ರ ನನ್ನ ಮೀಸಿ ಜರಾ ಚಂದ ತೆಗಿ, ತಂಗಿ."

ಮೊದಲು ನಾನು ಬರೆದದ್ದು ಎಲ್ಲರೂ ಬರೆಯುವ ರೀತಿಯ ಕತ್ತಲು. ಆರು ಪ್ಯಾನೆಲ್, ಆರರಲ್ಲೂ ಗಟ್ಟಿ ಕಪ್ಪು, ಕಪ್ಪಿನ ಮೇಲೆ ಬಿಳಿ ಬಲೂನುಗಳಲ್ಲಿ ಮಾತು. ಪುಟವನ್ನು ನೋಡಿದ ಆ ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಇದರಾಗ ನಾ ಎಲ್ಲಿದ್ದೀನಿ?" ಎಂದು ಕೇಳಿದರು. ಆಮೇಲೆ, "ನಾ ಕಂದೀಲ ಬ್ಯಾಡ ಅಂದಿದ್ದು ಮುಚ್ಕೋಲಾಕಲ್ಲ, ಅವರ ಮಾತು ಕೇಳ್ಲಾಕ" ಎಂದರು. ಇಡೀ ತೊಡಕು ಆ ಒಂದು ಮಾತಿನಲ್ಲಿದೆ. ಇಂಥ ಕಥೆಯ ನಡುವೆ ಕಪ್ಪು ಬಂದರೆ ಓದುಗರ ಕಣ್ಣು ಅದನ್ನು ಕತ್ತರಿ ಬಿದ್ದ ಜಾಗವೆಂದೇ ಓದುತ್ತದೆ. ದೀಪ ಆರಿಸುವುದು, ಎರಡು ಹೂವುಗಳನ್ನು ಒಂದಕ್ಕೊಂದು ತಾಗಿಸುವುದು, ಕಿಟಕಿಯಾಚೆ ಮಳೆ ಸುರಿಸುವುದು ನಮ್ಮ ತೆರೆಯ ಮೇಲೆ ಎಷ್ಟು ಸವೆದಿವೆಯೆಂದರೆ, ಕಪ್ಪು ಚೌಕವೂ ಈಗ ಆ ಸಾಲಿಗೇ ಸೇರಿಹೋಗಿದೆ. ಆದರೆ ಈ ಹೆಣ್ಣುಮಗಳಿಗೆ ಕತ್ತಲು ತಾನೇ ಆರಿಸಿಕೊಂಡದ್ದು; ಎಲ್ಲರ ಕಣ್ಣೂ ತನ್ನ ಮೇಲೇ ಇದ್ದ ಆ ದಿನಗಳಲ್ಲಿ ಯಾರ ಕಣ್ಣೂ ತಲುಪದ, ತಾನು ಪ್ರಶ್ನೆ ಕೇಳಬಹುದಾದ ಒಂದೇ ಜಾಗ. ಅದನ್ನು ಮರೆಯ ಪರದೆಯಾಗಿ ಬರೆದರೆ ಕಥೆಯೇ ಸುಳ್ಳಾಗುತ್ತದೆ.

ಹಾಗಾದರೆ ಬೆಳಕು ಬಿಟ್ಟು ಮೈಗಳನ್ನೇ ತೋರಿಸಬಹುದಲ್ಲ ಎಂದು ಗೆಳತಿಯೊಬ್ಬಳು ಕೇಳಿದಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಂ ಅಶ್ಲೀಲ ಪುಸ್ತಕದ ಮಾರಾಟವನ್ನು ಅಪರಾಧವೆನ್ನುತ್ತದೆ. ಸಾಹಿತ್ಯ, ಕಲೆ, ವಿಜ್ಞಾನಗಳ ಹಿತಕ್ಕಾಗಿ ಸಾರ್ವಜನಿಕ ಒಳಿತಿನ ದೃಷ್ಟಿಯಿಂದ ಸಮರ್ಥನೀಯವಾದ ಪ್ರಕಟಣೆಗೂ ಪ್ರಾಚೀನ ಸ್ಮಾರಕಗಳ ಮತ್ತು ದೇವಾಲಯಗಳ ಶಿಲ್ಪಕ್ಕೂ ಅದೇ ಕಲಂ ವಿನಾಯಿತಿ ಕೊಡುತ್ತದೆ. ಕೃತಿಯನ್ನು ಇಡಿಯಾಗಿ, ಇಂದಿನ ಸಮಾಜದ ಅಳತೆಗೋಲಿನಿಂದ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದೆ. ಇದನ್ನೆಲ್ಲ ಓದಿಕೊಂಡೇ ಕೆಲಸಕ್ಕೆ ಕೂತಿದ್ದೇನೆ. ಆದರೂ ಈ ಪುಟದ ಪ್ರಶ್ನೆ ಕಾನೂನಿನದಲ್ಲ. ಅವರು ನೋಡದೇ ಇದ್ದುದನ್ನು ನಾನು ನೋಡಿದಂತೆ ಬರೆದರೆ ಆ ಕೋಣೆಯೊಳಗೆ ಮೂರನೆಯವಳಾಗಿ ನಾನು ನಿಂತಂತಾಗುತ್ತದೆ, ಓದುಗರನ್ನೂ ಕರೆದುಕೊಂಡು ನಿಂತಂತಾಗುತ್ತದೆ.

ಇರಾನ್ ಮೂಲದ ಕಾಮಿಕ್ಸ್ ಕಲಾವಿದೆ ಮರ್ಜಾನ್ ಸತ್ರಪಿ, ಊಟವಾದ ಮೇಲೆ ಚಹಾ ಕುಡಿಯುತ್ತ ಹೆಂಗಸರು ಪ್ರೇಮ, ಮದುವೆ, ಹಾಸಿಗೆಗಳ ಬಗ್ಗೆ ಮಾತಾಡಿಕೊಳ್ಳುವ 2003ರ ತಮ್ಮ ಪುಸ್ತಕದಲ್ಲಿ ಪ್ಯಾನೆಲ್ ಚೌಕಟ್ಟುಗಳನ್ನೇ ಬಿಟ್ಟುಕೊಟ್ಟರು. ಮಾತು ಪುಟದ ತುಂಬ ಹರಿದಾಡಲು ಅದರಿಂದ ಜಾಗ ಸಿಕ್ಕಿತು. ಅದನ್ನು ನೆನೆದು ನಾನೂ ಆರು ಪ್ಯಾನೆಲ್‌ಗಳನ್ನು ಅಳಿಸಿ ಇಡೀ ಪುಟವನ್ನು ಒಂದೇ ಕತ್ತಲು ಮಾಡಿದೆ. ಇದು ಅರ್ಧ ತೊಡಕು ಬಿಡಿಸಿತು, ಏಕೆಂದರೆ ಪ್ಯಾನೆಲ್ ಇಲ್ಲದಿದ್ದಾಗ ಅವುಗಳ ನಡುವಿನ ಗಟರ್ ಎಂಬ ಖಾಲಿ ಸಂದು ಕೂಡ ಇರುವುದಿಲ್ಲ, ಏನನ್ನೋ ಹಾರಿಸಿಬಿಟ್ಟರೆಂಬ ಭಾವವೂ ಬರುವುದಿಲ್ಲ. ಉಳಿದರ್ಧ ಪೂರ್ತಿ ಶಾಯಿಯ ತಂಟೆ.

ಕಪ್ಪಿನ ಮೇಲೆ ಬಿಳಿ ಶಾಯಿಯಿಂದ ಗೆರೆ ಎಳೆದವರಿಗೆಲ್ಲ ಗೊತ್ತು: ನಿಬ್ಬು ಕಟ್ಟಿಕೊಳ್ಳುತ್ತದೆ, ಒಣಗಿದ ಗೆರೆ ಬೂದಿಯಾಗುತ್ತದೆ, ಎರಡನೆಯ ಲೇಪ ಕೊಟ್ಟರೆ ಗೆರೆ ಉಬ್ಬಿ ಮೈಮೇಲೆ ಅಂಟಿಸಿದಂತೆ ಕಾಣುತ್ತದೆ. ನನಗೆ ಬೇಕಾಗಿದ್ದದ್ದು ಕತ್ತಲ ಒಳಗಿನಿಂದಲೇ ಮೂಡಿದ ಗೆರೆ. ಆ ಹಾದಿಯನ್ನು ತೋರಿಸಿದ್ದು ಬೀದರಿನ ಒಂದು ಬಿದರಿ ಕಾರ್ಖಾನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೊದಲು ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗಿ ಉಳಿಯ ಗೆರೆ ಕಾಣಲಿ ಎಂಬುದಷ್ಟೇ ಅದರ ಉದ್ದೇಶ. ಕೆತ್ತಿದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಉಜ್ಜಿ ನಯ ಮಾಡುವಾಗ ಆ ಕಪ್ಪು ಹೊರಟುಹೋಗುತ್ತದೆ. ನಿಜವಾದ ಕಪ್ಪು ಬರುವುದು ಕಟ್ಟಕಡೆಗೆ, ಕೋಟೆಯ ಮಣ್ಣನ್ನು ಅಮೋನಿಯಂ ಕ್ಲೋರೈಡಿನ ಜೊತೆ ಕಲಸಿ ಬಿಸಿ ಪಾತ್ರೆಗೆ ಹಚ್ಚಿದಾಗ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಅದು ತಾಗುವುದೇ ಇಲ್ಲ. ಬೆಳಕು ಮೊದಲೇ ಒಳಗೆ ಕೂತಿರುತ್ತದೆ, ಕತ್ತಲು ಅದರ ಸುತ್ತ ಆಮೇಲೆ ಬರುತ್ತದೆ. ಬಸ್ಸಿನಲ್ಲಿ ಹುಮನಾಬಾದ್ ದಾಟುವ ಹೊತ್ತಿಗೆ ನನ್ನ ಪುಟದ ಕೆಲಸವೂ ಹಿಂದುಮುಂದಾಗಬೇಕೆಂಬುದು ಖಾತ್ರಿಯಾಗಿತ್ತು.

ಕಾಗದದ ಮೇಲೆ ಇದಕ್ಕೆ ಸರಿಹೊಂದುವ ಹಳೆಯ ವಿಧಾನವೊಂದಿದೆ. ದಪ್ಪ ಬಿಳಿ ಪೋಸ್ಟರ್ ಕಲರಿನಲ್ಲಿ ಗೆರೆಗಳನ್ನು ಬರೆಯಬೇಕು, ಪೂರ್ತಿ ಒಣಗಲು ಬಿಡಬೇಕು, ಇಡೀ ಹಾಳೆಯ ಮೇಲೆ ವಾಟರ್‌ಪ್ರೂಫ್ ಇಂಡಿಯನ್ ಇಂಕನ್ನು ಅಗಲ ಬ್ರಷ್ಷಿನಿಂದ ಒಂದೇ ಸಲಕ್ಕೆ ಬಳಿಯಬೇಕು. ಬ್ರಷ್ಷನ್ನು ಹಿಂದಕ್ಕೂ ಮುಂದಕ್ಕೂ ತಿಕ್ಕಿದರೆ ಅಡಿಯ ಬಿಳಿ ಕದಡುತ್ತದೆ. ಶಾಯಿ ರಾತ್ರಿಯೆಲ್ಲ ಒಣಗಿದ ಮೇಲೆ ಹಾಳೆಯನ್ನು ನೀರಿನಲ್ಲಿಟ್ಟು ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಪೋಸ್ಟರ್ ಕಲರಿನ ಅಂಟು ನೀರಿಗೆ ಕರಗುವುದರಿಂದ ಅದು ಏಳುವಾಗ ತನ್ನ ಮೇಲಿನ ಕಪ್ಪನ್ನೂ ಎಬ್ಬಿಸಿಕೊಂಡು ಹೋಗುತ್ತದೆ, ಆ ಜಾಗದಲ್ಲಿ ಕಾಗದದ ಸ್ವಂತ ಬಿಳುಪು ಕಾಣುತ್ತದೆ. ಕಾಗದವನ್ನು ನೇರವಾಗಿ ಹಿಡಿದ ಶಾಯಿ ಅಲ್ಲಾಡುವುದಿಲ್ಲ.

ಶಾಯಿ ಅಲ್ಲಾಡುವುದಿಲ್ಲವೆಂಬುದು ಬಾಟಲಿಯ ಚೀಟಿ ನಿಜ ಹೇಳಿದಾಗ ಮಾತ್ರ. ಇಲ್ಲಿನ ಅಂಗಡಿಯೊಂದರಿಂದ ತಂದ, ವಾಟರ್‌ಪ್ರೂಫ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದ ಶಾಯಿ ನೀರು ಕಂಡ ಕೂಡಲೇ ಇಡೀ ಕತ್ತಲನ್ನು ಕಟ್ಟಿಕೊಂಡು ಬುಟ್ಟಿಗೆ ಇಳಿದುಹೋಯಿತು. ಹೋಗಿ ಕೇಳಿದರೆ, "ಮೇಡಮ್, ಇಂಕ್ ಎಲ್ಲಾ ಒಂದೇ ಬಿಡ್ರಿ" ಎಂಬ ಉತ್ತರ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದಕ್ಕೆಂದು ಹಣ ಕಟ್ಟಿಸಿಕೊಂಡ ಹೊರಊರಿನವರು ಕಳಿಸಿದ್ದು 200ರದ್ದು, ಅದೂ ಸುರುಳಿ ಸುತ್ತಿ, ಅಂಚು ಮುರಿದು. ತೆಳ್ಳನೆಯ ಹಾಳೆ ಈ ತೊಳೆಯುವ ಕೆಲಸಕ್ಕೆ ಬಾರದು. ನಾರು ಎದ್ದು ಗೆರೆಯ ಅಂಚು ಹರಿಯುತ್ತದೆ. ಇನ್ನೊಂದು ಮಾತು, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದ ಹಾಳೆ ಒಣಗಿದಾಗ ಕಪ್ಪಿನ ಮೇಲೆ ಬಿಳಿ ಉಪ್ಪಿನ ಛಾಯೆ ನಿಲ್ಲುತ್ತದೆ. ಕಡೆಯ ತೊಳೆತಕ್ಕಾದರೂ ಫಿಲ್ಟರ್ ನೀರು ಬಳಸಿ.

ವಿಧಾನ ಕೈಗೆ ಬಂದರೂ ಯಾವ ಗೆರೆ ಎಂಬ ಪ್ರಶ್ನೆ ಉಳಿದಿತ್ತು. ಅಮೆರಿಕದ ಹಾರ್ವಿ ಪೀಕರ್‌ಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ; 1976ರಿಂದ ತಮ್ಮ ಬದುಕಿನ ಕಥೆಗಳನ್ನು ಕಾಮಿಕ್ಸ್ ಮಾಡುವಾಗ ಅವರು ಕಡ್ಡಿ ಮನುಷ್ಯರನ್ನು ಗೀಚಿಕೊಟ್ಟು ಚಿತ್ರಗಳನ್ನು ಬೇರೆಯವರಿಂದ ಬರೆಸುತ್ತಿದ್ದರು. ನಾನೂ ಖಾಲಿ ಹಾಳೆಯನ್ನು ಆ ಅಕ್ಕನ ಮುಂದಿಟ್ಟು, ಏನು ಎಲ್ಲಿತ್ತು ಎಂದು ಬೆರಳಿಟ್ಟು ತೋರಿಸಲು ಕೇಳಿದೆ. ಅವರು ಬಾಗಿಲ ಚಿಲಕ ತೋರಿಸಿದರು, ಬಳೆ ಒಂದೊಂದಾಗಿ ತೆಗೆದಿಟ್ಟ ದಿಂಬಿನ ಪಕ್ಕವನ್ನು ತೋರಿಸಿದರು. ಆಮೇಲೆ ಬೆರಳು ಹಾಳೆಯ ಉದ್ದಕ್ಕೂ ಸಣ್ಣಗೆ ನೆಗೆಯುತ್ತ ಹೋಯಿತು. ಅದು ಅವರ ತಾಯಿ ಹೊಲಿದುಕೊಟ್ಟ ಕೌದಿಯ ಹೊಲಿಗೆ. ಅಂಜಿಕೆಗೆ ಅವರು ಆ ರಾತ್ರಿ ಒಂದು ಸಾಲಿನ ಹೊಲಿಗೆಗಳನ್ನು ಬೆರಳಿನಿಂದ ಎಣಿಸುತ್ತ ಮಲಗಿದ್ದರಂತೆ. ಎಣಿಸುತ್ತ ಹೋದ ಬೆರಳಿಗೆ, ಅದೇ ಸಾಲನ್ನು ಆ ಕಡೆಯಿಂದ ಎಣಿಸುತ್ತ ಬಂದ ಇನ್ನೊಂದು ಬೆರಳು ತಾಗಿತಂತೆ.

ಪುಟ ಅಲ್ಲಿಯೇ ಸಿಕ್ಕಿತು. ಈಗ ಅದರಲ್ಲಿ ಮೈಯ ಹೊರಗೆರೆ ಒಂದೂ ಇಲ್ಲ. ಕೌದಿಯ ಹೊಲಿಗೆಗಳು ಮಾತ್ರ, ಜೋಳದ ಕಾಳಿಗಿಂತ ಸಣ್ಣ ಬಿಳಿ ಗೀಟುಗಳಾಗಿ, ಸಾಲು ಸಾಲಾಗಿ ಪುಟದ ಎಡದಿಂದ ಬಲಕ್ಕೆ ಹರಿಯುತ್ತವೆ. ಮೇಲ್ಭಾಗದಲ್ಲಿ ಸಾಲುಗಳು ಚಪ್ಪಟೆ. ಕೆಳಗಿಳಿದಂತೆ ಎರಡು ಕಡೆ ಉಬ್ಬುತ್ತವೆ, ನಡುವೆ ತಗ್ಗಾಗುತ್ತವೆ. ಇನ್ನೂ ಕೆಳಗೆ ಆ ತಗ್ಗು ತುಂಬಿ ಎರಡು ಉಬ್ಬು ಒಂದಾಗುತ್ತದೆ. ಇಬ್ಬರು ಅಲ್ಲಿದ್ದಾರೆಂಬುದು ಹೊಲಿಗೆ ಬಾಗಿದ ರೀತಿಯಿಂದಲೇ ಗೊತ್ತಾಗುತ್ತದೆ. ಪೋಸ್ಟರ್ ಕಲರು ತೊಳೆದುಹೋದಾಗ ಪ್ರತಿ ಗೀಟಿನ ಅಂಚೂ ಸ್ವಲ್ಪ ಒರಟಾಗಿ ಉಳಿಯಿತು. ನಿಬ್ಬಿನಿಂದ ಎಷ್ಟು ಪ್ರಯತ್ನಿಸಿದರೂ ಬಾರದ ಆ ಒರಟುತನ ದಪ್ಪ ನೂಲಿನದೇ ಒರಟುತನ.

ಮಾತುಗಳಿಗೆ ಬಲೂನು ತೆಗೆದುಹಾಕಿದೆ, ಕತ್ತಲಲ್ಲಿ ಬಲೂನಿನ ಬಾಲವನ್ನು ಯಾರ ಬಾಯಿಗೆ ತೋರಿಸಬೇಕು? ಹೊಲಿಗೆಯ ಸಾಲಿನ ಗುಂಟವೇ ಅಕ್ಷರಗಳೂ ಸಾಗುತ್ತವೆ, ಅವರದು ಬಲದಲ್ಲಿ, ಇವರದು ಎಡದಲ್ಲಿ. ಕಪ್ಪಿನ ನಡುವಿನ ಬಿಳಿ ಕನ್ನಡ ಅಕ್ಷರಕ್ಕೆ ಒತ್ತಕ್ಷರದ ಕಾಟ ಹೆಚ್ಚು. ಝೆರಾಕ್ಸ್ ಮಾಡಿದಾಗ "ಕತ್ತದ" ಎಂಬಲ್ಲಿನ ತವೊತ್ತು ಮುಚ್ಚಿಹೋಗುತ್ತಿತ್ತು. ಅಕ್ಷರದ ಎತ್ತರವನ್ನು ಹೆಚ್ಚಿಸುವ ಬದಲು ಒತ್ತಕ್ಷರವನ್ನು ಕೊಂಚ ಕೆಳಕ್ಕೆ ಜಾರಿಸಿ ಅಗಲಿಸಿದ್ದರಿಂದ ಈಗ ನಿಚ್ಚಳವಾಗಿ ನಿಲ್ಲುತ್ತದೆ. ಮೀಸೆಯ ಬೇಡಿಕೆಯನ್ನೂ ಮರೆತಿಲ್ಲ. "ಕುತ್ತಿಗಿಗಿ ಮೊದಲ ತಾಗಿದ್ದೇ ಅದು" ಎಂದು ಅಕ್ಕ ನಗುತ್ತ ಹೇಳಿದ್ದರಿಂದ, ಪುಟದ ಬಲಗಡೆ ಹೊಲಿಗೆಯಲ್ಲದ ಒಂದು ಗೆರೆ ಇದೆ, ತುದಿ ಮೇಲಕ್ಕೆ ತಿರುವಿದ್ದು. ಅದನ್ನು ನೋಡಿದ ಅವರ ಯಜಮಾನರು ಕನ್ನಡಕ ಏರಿಸಿ, "ಆಗ ಇನ್ನೂ ದಪ್ಪ ಇತ್ತು" ಎಂದರು. ದಪ್ಪ ಮಾಡಿಕೊಟ್ಟಿದ್ದೇನೆ.

ಮುಂದಿನ ಕಥೆ ಇದಕ್ಕೆ ತದ್ವಿರುದ್ಧ, ಆದ್ದರಿಂದಲೇ ಕೈ ತುರಿಸುತ್ತಿದೆ. ಕೂಡುಕುಟುಂಬದ ಹೊಸ ಜೋಡಿ, ಮನೆಯಲ್ಲಿ ಒಂದು ಘಳಿಗೆಯೂ ಏಕಾಂತವಿಲ್ಲ, ಕೊನೆಗೆ ಶರಣಬಸವೇಶ್ವರರ ಜಾತ್ರೆಯ ತೇರಿಗೆಂದು ಮನೆಮಂದಿಯೆಲ್ಲ ಹೊರಟಾಗ ಹೊಸ ಸೊಸೆಗೆ ತಲೆನೋವು, ಮಗನಿಗೆ ಅಂಗಡಿಯ ಲೆಕ್ಕ. ನಡುಹಗಲು, ಉರಿಬಿಸಿಲು, ಶಹಾಬಾದ್ ಕಲ್ಲಿನ ನೆಲದ ಮೇಲೆ ಕಿಟಕಿಯ ಸರಳುಗಳ ನೆರಳು, ದೂರದಿಂದ ಜಾತ್ರೆಯ ಗದ್ದಲ. ಶಾಯಿ ಬಹುತೇಕ ಬೇಕಾಗಿಯೇ ಇಲ್ಲ. ಬಿಸಿಲು ತಾಗಿದ್ದನ್ನೆಲ್ಲ ಬರಿ ಕಾಗದವಾಗಿ ಬಿಟ್ಟು, ನೆರಳನ್ನು ಮಾತ್ರ ಒಣ ಬ್ರಷ್ಷಿನಲ್ಲಿ ಬರೆಯುವ ಯೋಚನೆಯಿದೆ. ಕಥೆ ಹೇಳಿದವರು ಗಂಡ. ಹೆಂಡತಿಯ ಮಾತನ್ನು ನಾನಿನ್ನೂ ಕೇಳಿಲ್ಲ. ಯುಗಾದಿ ಕಳೆದ ಮೇಲೆ ಇಬ್ಬರೂ ಕೂಡಿ ಬರುವುದಾಗಿ ತಿಳಿಸಿದ್ದಾರೆ. ಅವರು ಬೇಡವೆಂದರೆ ಆ ಪುಟ ಇರುವುದಿಲ್ಲ. ಒಪ್ಪಿದರೆ ತಲೆನೋವಿನಿಂದಲೇ ಶುರುಮಾಡುತ್ತೇನೆ, ಅಷ್ಟರೊಳಗೆ ನಿಜವಾದ 300 ಜಿಎಸ್‌ಎಂ ಕಾಗದ ಕಳಿಸುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.